ಎಡಕ್ಕೆ ಮಧ್ಯಮ, ಬಲಕ್ಕೆ ಸಣ್ಣದು

ಒಸಾಕಾದ ನಿಪ್ಪೊಂಬಾಶಿ, ಮೂರನೇ ಮಹಡಿ.
ಗಾಜಿನ ಮೇಜಿನ ತುಂಬ ನೂರಾ ಹದಿನೆಂಟು ಜೋಡಿ ಇಯರ್‌ಫೋನು,
ಗೊದಮೊಟ್ಟೆಗಳ ಹಾಗೆ ಬಾಲ ಚಾಚಿ ಮಲಗಿವೆ.
ಆರು ವರ್ಷದಿಂದ ಇಲ್ಲಿ ನಿಂತು
ನಾನು ನೋಡಿದ್ದು ಬರೀ ಕಿವಿ.
ಮುಖ ಮರೆಯುತ್ತೇನೆ, ಹೆಸರು ಮರೆಯುತ್ತೇನೆ,
ಕಿವಿ ಮಾತ್ರ ಇಲ್ಲ.

ಬರುವವರದ್ದು ಹೆಚ್ಚಾಗಿ ಹಿತ್ತಾಳೆ ಕಿವಿ.
ಯಾರೋ ಊದಿದ್ದು ಮೊದಲೇ ತುಂಬಿರುತ್ತದೆ:
ಬೆಳ್ಳಿಯ ತಂತಿಯಂತೆ, ಐದು ಡ್ರೈವರಂತೆ,
ಪಿನ್ನಿಗೆ ಚಿನ್ನದ ಲೇಪವಂತೆ.
ಅಂಥ ಕಿವಿಗೆ ಹೂವಿಡುವುದು ಸುಲಭ,
ಕಮಿಷನ್ನೂ ಉಂಟು.

ಹಿರಾಬಯಾಶಿ ಬಂದದ್ದು ಮಂಗಳವಾರ, ನಾಲ್ಕೂವರೆಗೆ.
ಕೀಲಿಕೈ ಮಾಡುವವರು. ಇವರಿಗೆ ಹಿತ್ತಾಳೆ ಇದ್ದದ್ದು
ಉಗುರಿನ ಸಂದಿಯಲ್ಲಿ, ಸಣ್ಣಗೆ ಹೊಳೆಯುವ ಪುಡಿ.
"ಹಳೆಯದು ಸತ್ತಿತು," ಅಂದರು, "ಬಲಗಡೆಯದು ಮೊದಲು.
ವಾರವಿಡೀ ರೈಲಿನಲ್ಲಿ ಅರ್ಧರ್ಧ ಹಾಡು ಕೇಳಿದೆ."

ಬೆಲೆ ಆಮೇಲೆ, ಮೊದಲು ರಬ್ಬರು ತುದಿ, ಅಂದೆ.
ಕೂದಲೆಳೆಯಷ್ಟು ಸಂದಿದ್ದರೂ
ಬೇಸ್ ಸೋರಿಹೋಗುತ್ತದೆ, ತೂತು ಕೊಡದ ನೀರಿನಂತೆ.
ಹಾಕಿಕೊಳ್ಳಿ, ದವಡೆ ಆಡಿಸಿ, ಒಮ್ಮೆ ಆಕಳಿಸಿ.
ಹೇಳಿದ್ದಕ್ಕಿಂತ ಎರಡು ಸಲ ಹೆಚ್ಚೇ ಆಕಳಿಸಿದರು.
ಎಡಕ್ಕೆ ಮಧ್ಯಮ ಕೂತಿತು, ಬಲಕ್ಕೆ ಸಣ್ಣದು.
"ಅರವತ್ತೊಂದು ವರ್ಷ," ಕನ್ನಡಿ ನೋಡಿ ಬೆರಗಾದರು,
"ಎರಡೂ ಒಂದೇ ಅಳತೆ ಅಂದುಕೊಂಡಿದ್ದೆ."

ಹಾಡು ಅವರದೇ. ಸಕಾಯ್‌ನ ಅಕ್ಕಿ ಗೋದಾಮು,
ಎಂಬತ್ತೇಳನೇ ಇಸವಿ, ನಾಲ್ಕು ಜನ, ಒಂದೇ ಮೈಕು.
ಕ್ಯಾಸೆಟ್ಟಿನಿಂದ ಫೋನಿಗೆ ಇಳಿಸಿಕೊಟ್ಟವಳು ಮಗಳು.
ಬೇಸ್ ಗಿಟಾರು ಇವರು.

ಮೊದಲ ಜೋಡಿಯಲ್ಲಿ ಬೇಸು ಹಬ್ಬದೂಟ ಉಂಡು ಮಲಗಿತ್ತು.
ಎರಡನೆಯದು ಸಾಣೆಕಲ್ಲು: ತಾಳದ ತಟ್ಟೆ ಬಡಿದಾಗೆಲ್ಲ
ಹಲ್ಲು ಜುಮ್ಮೆಂದಿತು ಅವರಿಗೆ.
ಮೂರನೆಯದಕ್ಕೆ ನಲವತ್ತೆಂಟು ಸಾವಿರ ಯೆನ್.
ಮಾತು ನಿಂತಿತು.
ಮೇಜಿನ ಅಂಚಿನಲ್ಲಿ ಎಡಗೈ ಬೆರಳು
ಇಲ್ಲದ ನಾಲ್ಕು ತಂತಿ ಒತ್ತುತ್ತ ಹೋಯಿತು, ಹೋಯಿತು,
ಥಟ್ಟನೆ ನಿಂತಿತು.

"ಇಲ್ಲಿ ತಪ್ಪಿದ್ದು ನಾನು."
ಎರಡನೇ ಚರಣಕ್ಕೆ ಒಂದು ಮಾತ್ರೆ ತಡ.
ಇಷ್ಟು ವರ್ಷ ಟೇಪಿನ ಸುಯ್ಯೆನ್ನುವ ಸದ್ದು ಅದರ ಮೇಲೆ
ಹೊದಿಕೆ ಎಳೆದಿತ್ತು.
ವ್ಯಾಪಾರ ಕೆಟ್ಟಿತು, ಅಂದುಕೊಂಡೆ ನಾನು.
ತನ್ನ ತಪ್ಪನ್ನು ಅಷ್ಟು ದುಡ್ಡು ಕೊಟ್ಟು
ಯಾರು ಕೊಳ್ಳುತ್ತಾರೆ?

ಹಿಂದೆ ಸರಿಸಿ ಕೇಳಿದರು. ಮತ್ತೆ ಸರಿಸಿದರು.
ಆಮೇಲೆ ಬಲಗಡೆಯದನ್ನು ಬಿಚ್ಚಿ ನನ್ನತ್ತ ಚಾಚಿದರು.
ನಿಯಮದಲ್ಲಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು ಕಿವಿಗಿಟ್ಟೆ.
ಬೇಸು ಎಡವುತ್ತದೆ.
ಡ್ರಮ್ಮಿನ ಕಡ್ಡಿ, ಇನ್ನೇನು ಬೀಳಬೇಕಾದದ್ದು,
ಬೀಳುವುದಿಲ್ಲ.
ಒಂದು ಉಸಿರು. ಯಾರೋ ಒಳಗೆಳೆದುಕೊಂಡ
ನಿಜವಾದ ಉಸಿರು.
ಬೇಸು ಎದ್ದು ಬಂದ ಮೇಲೆ ಇಬ್ಬರೂ ಒಟ್ಟಿಗೆ
ಕಾಲಿಡುತ್ತಾರೆ.

"ಒಗಾತಾ," ಅಂದರು. "ಕಾದಿದ್ದಾನೆ.
ಆ ರಾತ್ರಿ ಅವನ ಮೇಲೆಯೇ ರೇಗಿದೆ,
ಲಯ ಎಳೆದವನು ನೀನು ಅಂತ.
ಒಂದು ಮಾತು ಎದುರಾಡಲಿಲ್ಲ.
ಮುಂದಿನ ವಾರ ಬರಲೂ ಇಲ್ಲ."

ನಾನು ಹನ್ನೆರಡು ಸಾವಿರದ ಜೋಡಿ ತೆಗೆದುಕೊಟ್ಟೆ.
ಕಮಿಷನ್ನು ಕಡಿಮೆ, ಮಧ್ಯಸ್ಥಾಯಿ ಶುದ್ಧ,
ತಂತಿ ಕೆಟ್ಟರೆ ತಂತಿಯಷ್ಟೇ ಬದಲಿಸಬಹುದು.
ಅದೇ ಜಾಗ ಹಾಕಿದರು. ಕಣ್ಣು ಮುಚ್ಚಿದರು.
"ಇದರಲ್ಲೂ ಇದೆ.
ಇನ್ನು ಎಲ್ಲದರಲ್ಲೂ ಇರುತ್ತದೆ ಬಿಡಿ."

ಎರಡು ಕೊಡಿ, ಅಂದರು. ಒಂದು ಬೇರೆ ಪೊಟ್ಟಣದಲ್ಲಿ.
ಎರಡನೆಯದಕ್ಕೆ ರಬ್ಬರು ತುದಿ ಯಾವ ಅಳತೆಯದು ಹಾಕಲಿ?
ಬಾಗಿಲ ಹೊರಗಿನ ಬಿಸಿಲು ನೋಡುತ್ತ
ಒಂದು ಮಾತ್ರೆ ತಡೆದರು.
"ಗೊತ್ತಿಲ್ಲ. ಕೇಳಬೇಕು."